ಎಳೆಯ ಪಲ್ಸಾರ್‌ಗಳು: ಕ್ಷ-ಕಿರಣ ನುಡಿಯುವ ಸಾಕ್ಷ್ಯ

(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)



ಆಮಂತ್ರಣ ಪತ್ರಿಕೆಯಲ್ಲಿ ನನ್ನ ಉಪನ್ಯಾಸದ ವಿಷಯ 'ವಿಜ್ಞಾನ ಮತ್ತು ಯುವಜನಾಂಗ' ಎಂದು ಅಚ್ಚಾಗಿದೆ. ಅದು ಬಹಳ ದೊಡ್ಡ ವಿಷಯ. ಅಂಥ ವಿಷಯಗಳ ಮೇಲೆ ಮಾತನಾಡುವವರು ಮುಕ್ಕಾಲು ಗಂಟೆ ಮಾತನಾಡಿ ಏನನ್ನೂ ಹೇಳದೆ ವೇದಿಕೆ ಇಳಿಯುವುದನ್ನು ನಾನು ನಲವತ್ತು ವರ್ಷಗಳಿಂದ ನೋಡುತ್ತಾ ಬಂದಿದ್ದೇನೆ, ನಾನೂ ಹಾಗೆ ಇಳಿದಿದ್ದೇನೆ. ಆದ್ದರಿಂದ ಅಧ್ಯಕ್ಷರ ಅಪ್ಪಣೆ ಪಡೆದು ವಿಷಯವನ್ನು ಬದಲಾಯಿಸಿಕೊಂಡಿದ್ದೇನೆ. ಒಬ್ಬ ವಿದ್ಯಾರ್ಥಿನಿ ಕೇಳಿದ ಒಂದು ಪ್ರಶ್ನೆಗೆ ಉತ್ತರ ಹೇಳುವುದಷ್ಟೇ ಇಂದಿನ ನನ್ನ ಕೆಲಸ.

ಆಕೆ ಗುರಪ್ಪನಪಾಳ್ಯದ ಹುಡುಗಿ, ಬಿ.ಎಸ್ಸಿ. ಎರಡನೇ ವರ್ಷ. ನಿವೃತ್ತನಾದ ಮೇಲೆ ನಾನು ಭಾನುವಾರ ಬೆಳಿಗ್ಗೆ ಬಿ.ಟಿ.ಎಂ. ಲೇಔಟ್‌ನ ಒಂದು ಮನೆಯ ಮಹಡಿಯಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತೇನೆ. ಅಲ್ಲಿಗೆ ನೋಟ್‌ಬುಕ್ ಹಿಡಿದು ಬಂದವಳು ಕೇಳಿದಳು: "ಸರ್, ಪುಸ್ತಕದಲ್ಲಿರುವ ಸೂತ್ರದಿಂದ ಕ್ರ್ಯಾಬ್ ಪಲ್ಸಾರ್‌ನ ವಯಸ್ಸು ಲೆಕ್ಕ ಹಾಕಿದೆ. ಸುಮಾರು 1250 ವರ್ಷ ಬಂತು. ಆದರೆ ಅದು ಹುಟ್ಟಿದ್ದು 1054ರಲ್ಲಿ ಅಂತ ಅದೇ ಪುಸ್ತಕದಲ್ಲಿ ಬರೆದಿದೆ. ಅಂದರೆ ಇನ್ನೂ ಸಾವಿರ ವರ್ಷ ತುಂಬಿಲ್ಲ. ಯಾವುದನ್ನು ನಂಬಲಿ?"

ಅವಳನ್ನು ಕರೆದೊಯ್ಯಲು ಬಂದಿದ್ದ ತಂದೆ ಬಾಗಿಲ ಬಳಿ ನಿಂತಿದ್ದರು. ಅವರೂ ಒಂದು ಪ್ರಶ್ನೆ ಕೇಳಿದರು: "ಮೇಷ್ಟ್ರೇ, ಇದನ್ನೆಲ್ಲ ಓದಿ ಇವಳಿಗೆ ಏನು ಸಿಗುತ್ತೆ? ಕಂಪ್ಯೂಟರ್ ಕೋರ್ಸಿಗೆ ಸೇರಿಸೋಣ ಅಂತಿದ್ದೇನೆ." ತಂದೆಯ ಪ್ರಶ್ನೆಯನ್ನು ನಾನು ಹಗುರವಾಗಿ ತೆಗೆದುಕೊಳ್ಳುವವನಲ್ಲ. ಅದಕ್ಕೆ ಕೊನೆಯಲ್ಲಿ ಬರುತ್ತೇನೆ. ಮೊದಲು ಮಗಳ ಪ್ರಶ್ನೆ.

ಸೂರ್ಯನಿಗಿಂತ ಎಂಟು ಪಟ್ಟಿಗೂ ಹೆಚ್ಚು ದ್ರವ್ಯರಾಶಿಯುಳ್ಳ ನಕ್ಷತ್ರ ತನ್ನ ಇಂಧನ ಮುಗಿದಾಗ ಒಳಕ್ಕೆ ಕುಸಿಯುತ್ತದೆ. ಹೊರಪದರಗಳು ಸ್ಫೋಟಗೊಂಡು ಚದುರುತ್ತವೆ, ಇದೇ ಸೂಪರ್‌ನೋವಾ. ಒಳಗೆ ಉಳಿಯುವ ತಿರುಳು ಸುಮಾರು ಇಪ್ಪತ್ತು ಕಿಲೋಮೀಟರ್ ವ್ಯಾಸದ ಒಂದು ಗೋಳ. ಬನಶಂಕರಿಗೂ ಯಲಹಂಕಕ್ಕೂ ನೇರ ಗೆರೆ ಎಳೆದರೆ ಎಷ್ಟೋ ಅಷ್ಟು. ಅಷ್ಟರೊಳಗೆ ಸೂರ್ಯನಿಗಿಂತ ಹೆಚ್ಚಿನ ದ್ರವ್ಯ ತುಂಬಿಕೊಂಡಿರುತ್ತದೆ. ಇದು ನ್ಯೂಟ್ರಾನ್ ತಾರೆ. ಪ್ರಬಲವಾದ ಕಾಂತಕ್ಷೇತ್ರವನ್ನು ಹೊತ್ತು ವೇಗವಾಗಿ ತಿರುಗುವ ಇದರಿಂದ ಹೊರಡುವ ಕಿರಣಪುಂಜ, ಸಮುದ್ರ ತೀರದ ದೀಪಸ್ತಂಭದ ಬೆಳಕಿನಂತೆ ಸುತ್ತುತ್ತಾ ಪ್ರತಿ ಸುತ್ತಿಗೊಮ್ಮೆ ನಮ್ಮನ್ನು ಹಾದು ಹೋಗುತ್ತದೆ. ಆಗ ನಮಗೆ ಒಂದು ಮಿಡಿತ ಕಾಣುತ್ತದೆ. ಹಾಗೆ ಮಿಡಿಯುವ ನ್ಯೂಟ್ರಾನ್ ತಾರೆಯೇ ಪಲ್ಸಾರ್. 1967ರಲ್ಲಿ ಕೇಂಬ್ರಿಡ್ಜ್‌ನಲ್ಲಿ ಸಂಶೋಧನಾ ವಿದ್ಯಾರ್ಥಿನಿಯಾಗಿದ್ದ ಜೋಸೆಲಿನ್ ಬೆಲ್ ಮೊದಲ ಪಲ್ಸಾರನ್ನು ರೇಡಿಯೋ ಅಲೆಗಳಲ್ಲಿ ಕಂಡುಹಿಡಿದರು. ಮರುವರ್ಷವೇ ಏಡಿ ನೀಹಾರಿಕೆಯ ಪಲ್ಸಾರ್, ಅಂದರೆ ನಮ್ಮ ಹುಡುಗಿಯ ಕ್ರ್ಯಾಬ್ ಪಲ್ಸಾರ್, ಪತ್ತೆಯಾಯಿತು. ಅದು ಸೆಕೆಂಡಿಗೆ ಸುಮಾರು ಮೂವತ್ತು ಸಲ ಸುತ್ತುತ್ತದೆ.

ಸುತ್ತುತ್ತಾ ಸುತ್ತುತ್ತಾ ಪಲ್ಸಾರ್ ತನ್ನ ಶಕ್ತಿಯನ್ನು ಹೊರಗೆ ಚೆಲ್ಲುತ್ತದೆ, ನಿಧಾನವಾಗುತ್ತದೆ. ಕ್ರ್ಯಾಬ್ ಪಲ್ಸಾರ್‌ನ ಒಂದು ಸುತ್ತಿನ ಅವಧಿ ದಿನವೊಂದಕ್ಕೆ ಸುಮಾರು 36 ನ್ಯಾನೋ ಸೆಕೆಂಡ್ ಹೆಚ್ಚುತ್ತದೆ. ಈಗಿನ ಅವಧಿಯನ್ನು ಅದು ಹೆಚ್ಚುತ್ತಿರುವ ದರದ ಎರಡರಷ್ಟರಿಂದ ಭಾಗಿಸಿದರೆ ಪಲ್ಸಾರ್‌ನ ವಯಸ್ಸು ಬರುತ್ತದೆ ಎಂಬುದು ಪುಸ್ತಕದ ಸೂತ್ರ. ಹುಡುಗಿ ಮಾಡಿದ್ದು ಇದನ್ನೇ. ಅವಳ ಲೆಕ್ಕ ಸರಿಯಾಗಿಯೇ ಇದೆ, ಸೂತ್ರದೊಳಗೆ ಒಂದು ಊಹೆ ಅಡಗಿದೆ.

ಜೆ.ಪಿ. ನಗರದ ನಿಲ್ದಾಣದಲ್ಲಿ ನಿಂತು ನೀವು ಒಂದು ಬಸ್ಸನ್ನು ನೋಡುತ್ತೀರಿ ಎನ್ನಿ. ಅದರ ಫಲಕದಲ್ಲಿ ಮೆಜೆಸ್ಟಿಕ್ ಎಂದಿದೆ. 'ಮೆಜೆಸ್ಟಿಕ್‌ನಿಂದ ಇಲ್ಲಿಗೆ ಬರಬೇಕಾದರೆ ಇದು ಹೊರಟು ಒಂದು ಗಂಟೆಯಾದರೂ ಆಗಿರಬೇಕು' ಎಂದು ನೀವು ಲೆಕ್ಕ ಹಾಕುತ್ತೀರಿ. ಆದರೆ ಆ ಬಸ್ಸು ಆಗ ತಾನೇ ಜಯನಗರ ಡಿಪೋದಿಂದ ಹೊರಟು ಬಂದಿದ್ದರೆ? ಪಲ್ಸಾರ್‌ನ ಸೂತ್ರವೂ ಹೀಗೆಯೇ. ಹುಟ್ಟುವಾಗ ಅದು ಈಗಿನದಕ್ಕಿಂತ ಎಷ್ಟೋ ಪಟ್ಟು ವೇಗವಾಗಿ ಸುತ್ತುತ್ತಿತ್ತು ಎಂದು ಸೂತ್ರ ಮೊದಲೇ ಒಪ್ಪಿಕೊಂಡುಬಿಡುತ್ತದೆ. ಹುಟ್ಟಿದ ವೇಗ ಈಗಿನ ವೇಗಕ್ಕಿಂತ ಅಷ್ಟೇನೂ ಹೆಚ್ಚಿರಲಿಲ್ಲವಾದರೆ ಲೆಕ್ಕಕ್ಕೆ ಬರುವ ವಯಸ್ಸು ನಿಜವಾದ ವಯಸ್ಸಿಗಿಂತ ಹೆಚ್ಚಾಗುತ್ತದೆ. ನಿಧಾನವಾಗುವ ರೀತಿಯ ಬಗ್ಗೆಯೂ ಅದರಲ್ಲಿ ಇನ್ನೊಂದು ಊಹೆ ಇದೆ, ಅದನ್ನು ಇಂದು ಬಿಡೋಣ. ಕ್ರ್ಯಾಬ್‌ನಲ್ಲಿ ತಪ್ಪು ಗೊತ್ತಾದದ್ದು ಅದರ ಜನ್ಮದಿನವನ್ನು ಯಾರೋ ಬರೆದಿಟ್ಟಿದ್ದರಿಂದ.

ಬರೆದಿಟ್ಟವರ ಪೈಕಿ ಮೊದಲು ನೆನೆಯಬೇಕಾದವರು ಚೀನಾ ದೇಶದ ಆಸ್ಥಾನ ಖಗೋಳಜ್ಞರು. 1054ರ ಜುಲೈ 4ರಂದು ಕಾಣಿಸಿಕೊಂಡ ಆ 'ಅತಿಥಿ ನಕ್ಷತ್ರ' 23 ದಿನ ಹಗಲಿನಲ್ಲೂ ಕಾಣುತ್ತಿತ್ತು, ರಾತ್ರಿಯ ಹೊತ್ತು ಸುಮಾರು ಎರಡು ವರ್ಷ ಕಂಡಿತು ಎಂದು ಅವರ ದಾಖಲೆ ಹೇಳುತ್ತದೆ. ಇಷ್ಟು ಎಲ್ಲ ಪುಸ್ತಕಗಳಲ್ಲಿಯೂ ಇದೆ. ಅಷ್ಟಾಗಿ ತಿಳಿಯದ ಇನ್ನೊಂದು ಸಾಕ್ಷ್ಯ ಅರಬ್ಬಿ ಭಾಷೆಯದು. ಬಗ್ದಾದಿನ ವೈದ್ಯ ಇಬ್ನ್ ಬುತ್ಲಾನ್ ಹಿಜರಿ 446ರಲ್ಲಿ ಮಿಥುನ ರಾಶಿಯಲ್ಲಿ ಹೊಸ ನಕ್ಷತ್ರವೊಂದು ಕಾಣಿಸಿಕೊಂಡಿತೆಂದೂ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಸಾಂಕ್ರಾಮಿಕ ರೋಗ ಹಬ್ಬಿತೆಂದೂ ಬರೆದರು. ಅವರು ಕ್ರೈಸ್ತರು, ಬರೆದದ್ದು ಅರಬ್ಬಿಯಲ್ಲಿ. ಆ ಮಾತುಗಳನ್ನು ಹದಿಮೂರನೇ ಶತಮಾನದ ಇಬ್ನ್ ಅಬೀ ಉಸೈಬಿಯಾ ತಮ್ಮ ವೈದ್ಯರ ಜೀವನ ಚರಿತ್ರೆಗಳ ಗ್ರಂಥದಲ್ಲಿ ಉಳಿಸಿಕೊಟ್ಟರು. 1978ರಲ್ಲಿ ಬ್ರೆಚರ್ ಮತ್ತು ಲೀಬರ್ ದಂಪತಿಗಳು 'ನೇಚರ್' ಪತ್ರಿಕೆಯಲ್ಲಿ ಇದು 1054ರ ಸ್ಫೋಟವೇ ಎಂದು ವಾದಿಸಿದರು. ನೀಹಾರಿಕೆ ಇರುವುದು ವೃಷಭ ನಕ್ಷತ್ರಪುಂಜದಲ್ಲಿ, ವೈದ್ಯರು ಬರೆದದ್ದು ಮಿಥುನ ರಾಶಿ, ಇದು ಹೇಗೆ ಎಂದು ನೀವು ಕೇಳಬಹುದು. ರಾಶಿ ಎಂಬುದು ಆಕಾಶದ ಮೂವತ್ತು ಡಿಗ್ರಿಯ ಒಂದು ಅಳತೆ. ವಿಷುವದ್ಬಿಂದು ನಿಧಾನವಾಗಿ ಸರಿಯುವುದರಿಂದ ಆ ಅಳತೆಗೂ ನಕ್ಷತ್ರಪುಂಜಕ್ಕೂ ಹೊಂದಿಕೆ ತಪ್ಪುತ್ತದೆ. ಅಂದಿನ ಲೆಕ್ಕದಲ್ಲಿ ಆ ಸ್ಥಾನ ಮಿಥುನ ರಾಶಿಯೊಳಗೇ ಬೀಳುತ್ತದೆ. ಇದನ್ನೂ ಆ ಹುಡುಗಿಯೇ ಕೂಡಿ ಕಳೆದು ನೋಡಿದಳು.

ಅದಕ್ಕೂ ಮೊದಲು, 1006ರಲ್ಲಿ, ಇನ್ನೂ ಪ್ರಕಾಶಮಾನವಾದ ಒಂದು ನಕ್ಷತ್ರ ಸಿಡಿಯಿತು. ಕೈರೋದ ವೈದ್ಯ ಅಲೀ ಇಬ್ನ್ ರಿದ್ವಾನ್ ಹುಡುಗನಾಗಿದ್ದಾಗ ಅದನ್ನು ಕಣ್ಣಾರೆ ಕಂಡು, ಮುಂದೆ ಟಾಲೆಮಿಯ ಗ್ರಂಥಕ್ಕೆ ವ್ಯಾಖ್ಯಾನ ಬರೆಯುವಾಗ ಅದರ ಸ್ಥಾನವನ್ನೂ ಅಂದು ಸೂರ್ಯ, ಚಂದ್ರ ಮತ್ತು ಗ್ರಹಗಳಿದ್ದ ಸ್ಥಾನಗಳನ್ನೂ ದಾಖಲಿಸಿದರು. ಆ ಸ್ಫೋಟದ ಅವಶೇಷವೂ ಇಂದು ಕಾಣುತ್ತದೆ, ಆದರೆ ಅದರೊಳಗೆ ಪಲ್ಸಾರ್ ಇಲ್ಲ. ಏಕೆಂದರೆ ಅದು ಬೇರೆ ಬಗೆಯ ಸ್ಫೋಟ: ಒಂದು ಶ್ವೇತ ಕುಬ್ಜ ತಾರೆ ಏನೂ ಉಳಿಯದಂತೆ ಸಿಡಿದದ್ದು. ಹಾಗಾದರೆ ದೂರದಲ್ಲಿ ಕಾಣುವ ಒಂದು ಅವಶೇಷದೊಳಗೆ ಪಲ್ಸಾರ್ ಹುಟ್ಟಿದೆಯೋ ಇಲ್ಲವೋ ಎಂದು ತಿಳಿಯುವುದು ಹೇಗೆ? ಹುಟ್ಟಿದ್ದರೆ, ಅದರ ವಯಸ್ಸನ್ನು ಬರೆದಿಟ್ಟ ಇಬ್ನ್ ಬುತ್ಲಾನ್ ಯಾರೂ ಇಲ್ಲದಿರುವಾಗ ನಂಬುವುದು ಯಾರನ್ನು? ಕ್ಷ-ಕಿರಣಕ್ಕೆ ಸಾಕ್ಷಿಯ ಕಟ್ಟೆ ಹತ್ತುವ ಅವಕಾಶ ಸಿಗುವುದು ಇಲ್ಲಿ.

ಕ್ಷ-ಕಿರಣ ಎಂದರೆ ನಿಮಗೆ ಮೂಳೆ ಮುರಿದಾಗ ಆಸ್ಪತ್ರೆಯಲ್ಲಿ ತೆಗೆಯುವ ಚಿತ್ರ ನೆನಪಾಗುತ್ತದೆ. ಅದು ಮೈಯೊಳಗೆ ಹಾದು ಹೋಗುತ್ತದೆ ನಿಜ, ಆದರೆ ನಮ್ಮ ವಾಯುಮಂಡಲವನ್ನು ಹಾದು ಬರಲಾರದು. ನಮ್ಮ ತಲೆಯ ಮೇಲಿನ ಗಾಳಿ ಹತ್ತು ಮೀಟರ್ ಆಳದ ನೀರಿಗೆ ಸಮ. ಆದ್ದರಿಂದ ಆಕಾಶದ ಕ್ಷ-ಕಿರಣಗಳನ್ನು ನೋಡಬೇಕಾದರೆ ಬಲೂನು, ರಾಕೆಟ್ ಅಥವಾ ಉಪಗ್ರಹದಲ್ಲಿ ಉಪಕರಣವನ್ನು ಮೇಲಕ್ಕೆ ಒಯ್ಯಬೇಕು.

1964ರ ಜುಲೈ 7ರಂದು ಅಮೆರಿಕದ ನೌಕಾ ಸಂಶೋಧನಾಲಯದವರು ಮಾಡಿದ ಒಂದು ಪ್ರಯೋಗ ನನಗೆ ಬಹಳ ಇಷ್ಟ. ಏಡಿ ನೀಹಾರಿಕೆಯಿಂದ ಕ್ಷ-ಕಿರಣ ಬರುತ್ತಿದೆ ಎಂದು ಆಗಲೇ ಗೊತ್ತಾಗಿತ್ತು. ಅದು ಒಂದು ಪುಟ್ಟ ನ್ಯೂಟ್ರಾನ್ ತಾರೆಯಿಂದ ಬರುತ್ತಿದೆಯೇ, ಇಡೀ ಮೋಡದಿಂದಲೇ? ಅಂದಿನ ಉಪಕರಣಗಳಿಗೆ ಅಷ್ಟು ಸೂಕ್ಷ್ಮ ದೃಷ್ಟಿ ಇರಲಿಲ್ಲ. ಆದರೆ ಆ ದಿನ ಚಂದ್ರ ನೀಹಾರಿಕೆಯ ಮುಂದೆ ಹಾದು ಹೋಗುವುದಿತ್ತು. ಎಷ್ಟೋ ವರ್ಷಗಳಿಗೊಮ್ಮೆ ಒದಗುವ ಯೋಗ ಅದು. ರಾಕೆಟ್ ವಾಯುಮಂಡಲದ ಮೇಲಿರುವುದು ಕೆಲವೇ ನಿಮಿಷ. ಸರಿಯಾಗಿ ಅದೇ ನಿಮಿಷಗಳಿಗೆ ರಾಕೆಟ್ ಹಾರಿಸಿದರು. ಕಿರಣ ಬರುವುದು ಚುಕ್ಕಿಯಿಂದಾದರೆ ಚಂದ್ರನ ಅಂಚು ಅದನ್ನು ಮುಚ್ಚಿದೊಡನೆ ತಟ್ಟನೆ ಆರಬೇಕಿತ್ತು. ಆದರೆ ಅದು ನಿಧಾನವಾಗಿ ಕ್ಷೀಣಿಸಿತು. ಕ್ಷ-ಕಿರಣ ಮೋಡದಿಂದಲೇ ಬರುತ್ತಿತ್ತು.

ಅಲ್ಲಿ ನ್ಯೂಟ್ರಾನ್ ತಾರೆ ಇಲ್ಲ ಎಂದು ಆಗ ಅನೇಕರು ಭಾವಿಸಿದರು. ಐದು ವರ್ಷ ಕಳೆಯಿತು. 1969ರಲ್ಲಿ ಮತ್ತೆ ರಾಕೆಟ್ ಹಾರಿಸಿ ನೋಡಿದಾಗ ಅದೇ ಕ್ಷ-ಕಿರಣದೊಳಗೆ ಸೆಕೆಂಡಿಗೆ ಮೂವತ್ತು ಸಲದ ಮಿಡಿತ ಸಿಕ್ಕಿತು. ಮೋಡ ಹೆಚ್ಚು ಪಾಲು, ತಾರೆ ಸ್ವಲ್ಪ ಪಾಲು, ಎರಡೂ ಅಲ್ಲಿದ್ದವು. ಮೋಡ ಬೆಳಗುತ್ತಿರುವುದೇ ತಾರೆಯ ಶಕ್ತಿಯಿಂದ. ಕ್ರ್ಯಾಬ್ ಪಲ್ಸಾರ್ ನಿಧಾನವಾಗುತ್ತಾ ಚೆಲ್ಲುತ್ತಿರುವ ಶಕ್ತಿ ಸುಮಾರು ಒಂದು ಲಕ್ಷ ಸೂರ್ಯರಿಗೆ ಸಮ. ಎಲೆಕ್ಟ್ರಾನ್ ಮತ್ತು ಪಾಸಿಟ್ರಾನ್‌ಗಳು ಬಿರುಗಾಳಿಯಂತೆ ಹೊರಗೆ ಬೀಸಿ, ಕಾಂತಕ್ಷೇತ್ರದಲ್ಲಿ ಸುರುಳಿ ಸುತ್ತುತ್ತಾ ಬೆಳಗುತ್ತವೆ. ಇದಕ್ಕೆ ಸಿಂಕ್ರೋಟ್ರಾನ್ ವಿಕಿರಣ ಎನ್ನುತ್ತಾರೆ.

ಈಗ ನಾನು ಹೇಳುವುದನ್ನು ದಯವಿಟ್ಟು ಗಮನವಿಟ್ಟು ಓದಿ, ಇಂದಿನ ಮಾತಿನ ತಿರುಳು ಇದು. ಗುರುವಾರ ಸಂಜೆ ನಮ್ಮ ಮನೆಗಳಲ್ಲಿ ಕೆಂಡದ ಮೇಲೆ ಲೋಬಾನ ಹಾಕುತ್ತಾರೆ. ರಾತ್ರಿ ಹನ್ನೊಂದಕ್ಕೆ ಮನೆಗೆ ಬಂದವರಿಗೂ ಅದರ ವಾಸನೆ ಬರುತ್ತದೆ. ಆದರೆ ವಾಸನೆಯಿಂದ ಕೆಂಡ ಈಗಲೂ ಉರಿಯುತ್ತಿದೆಯೋ ಎಂದೋ ಆರಿದೆಯೋ ಹೇಳಲಾಗದು. ಕೆಂಪಗೆ ಹೊಳೆಯುವ ಕೆಂಡ ಕಂಡರೆ ಮಾತ್ರ ಈಗ ಉರಿಯುತ್ತಿದೆ ಎಂದು ಹೇಳಬಹುದು. ನೀಹಾರಿಕೆಯ ರೇಡಿಯೋ ಅಲೆ ಲೋಬಾನದ ವಾಸನೆ. ರೇಡಿಯೋ ಅಲೆ ಸೂಸುವ ಎಲೆಕ್ಟ್ರಾನ್‌ಗಳಿಗೆ ಶಕ್ತಿ ಕಡಿಮೆ, ಅವು ಸಾವಿರಾರು ವರ್ಷ ಬೆಳಗುತ್ತಲೇ ಇರುತ್ತವೆ. ಕ್ಷ-ಕಿರಣ ಸೂಸುವವಕ್ಕೆ ಶಕ್ತಿ ಬಹಳ ಹೆಚ್ಚು, ಅಷ್ಟೇ ಬೇಗ ಅದನ್ನು ಕಳೆದುಕೊಳ್ಳುತ್ತವೆ. ಏಡಿ ನೀಹಾರಿಕೆಯಲ್ಲಿ ಅವುಗಳ ಆಯುಷ್ಯ ಕೆಲವೇ ವರ್ಷ. ಆದ್ದರಿಂದ ಅಲ್ಲಿ ಕ್ಷ-ಕಿರಣದ ಬೆಳಕು ಕಂಡಿತೆಂದರೆ ಹೊಸ ಎಲೆಕ್ಟ್ರಾನ್‌ಗಳನ್ನು ಯಾರೋ ಈಗಲೂ ಪೂರೈಸುತ್ತಿದ್ದಾರೆ ಎಂದರ್ಥ. ಆ ಪೂರೈಕೆದಾರ ಪಲ್ಸಾರ್. ಏಡಿ ನೀಹಾರಿಕೆ ಸಾಮಾನ್ಯ ದೂರದರ್ಶಕದಲ್ಲಿ ಕಾಣುವುದಕ್ಕಿಂತ ಕ್ಷ-ಕಿರಣದಲ್ಲಿ ಚಿಕ್ಕದಾಗಿ ಕಾಣುವುದಕ್ಕೂ ಇದೇ ಕಾರಣ: ಅಂಚು ತಲುಪುವಷ್ಟರಲ್ಲಿ ಅವು ಸೋತು ಹೋಗಿರುತ್ತವೆ.

ಕೆಂಡವನ್ನು ಸ್ಪಷ್ಟವಾಗಿ ನೋಡುವ ಕಣ್ಣು 1999ರ ಜುಲೈನಲ್ಲಿ ಕಕ್ಷೆ ಸೇರಿತು. ನಮ್ಮವರೇ ಆದ ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರ ನೆನಪಿಗೆ ಅದಕ್ಕೆ 'ಚಂದ್ರಾ' ಎಂದು ಹೆಸರಿಟ್ಟರು. ಅದು ತೆಗೆದ ಏಡಿ ನೀಹಾರಿಕೆಯ ಚಿತ್ರದಲ್ಲಿ ಪಲ್ಸಾರ್‌ನ ಸುತ್ತ ಬಳೆಯಂಥ ಉಂಗುರಗಳೂ ಅಕ್ಷದ ಎರಡೂ ಕಡೆ ಚಿಮ್ಮುವ ಧಾರೆಗಳೂ ಕಂಡವು. ಅಲ್ಲಿಂದ ಗುರುತು ಹಿಡಿಯುವ ದಾರಿ ಸುಲಭವಾಯಿತು. ಬರೀ ಸ್ಫೋಟದ ಅವಶೇಷ ಕ್ಷ-ಕಿರಣದಲ್ಲಿ ಪೊಳ್ಳು ಚಿಪ್ಪಿನಂತೆ, ಅಂಚಿನಲ್ಲಿ ಪ್ರಕಾಶಮಾನವಾಗಿ ಕಾಣುತ್ತದೆ. ಅದರ ರೋಹಿತದಲ್ಲಿ ಸಿಲಿಕಾನ್, ಗಂಧಕ, ಕಬ್ಬಿಣಗಳ ಗೆರೆಗಳಿರುತ್ತವೆ, ಏಕೆಂದರೆ ಅದು ಕಾದ ಅನಿಲ. ಪಲ್ಸಾರ್‌ನ ನೀಹಾರಿಕೆಯಾದರೋ ನಡುವೆ ತುಂಬಿಕೊಂಡಿರುತ್ತದೆ, ರೋಹಿತದಲ್ಲಿ ಗೆರೆಗಳಿಲ್ಲ, ನಡುಮಧ್ಯದಲ್ಲಿ ಒಂದು ಚುಕ್ಕಿ. ಆದರೆ ಒಂದು ಎಚ್ಚರಿಕೆ. 1006ರ ಅವಶೇಷದ ಅಂಚಿನಲ್ಲಿಯೂ ಗೆರೆಗಳಿಲ್ಲದ ಸಿಂಕ್ರೋಟ್ರಾನ್ ಕ್ಷ-ಕಿರಣ ಬರುತ್ತದೆ, ಅಲ್ಲಿ ಎಲೆಕ್ಟ್ರಾನ್‌ಗಳಿಗೆ ವೇಗ ಕೊಡುವುದು ಸ್ಫೋಟದ ಆಘಾತ ತರಂಗ. ರೋಹಿತವೊಂದನ್ನೇ ನಂಬಿ ತೀರ್ಪು ಕೊಟ್ಟರೆ ಮೋಸ ಹೋಗುತ್ತೇವೆ. ಬೆಳಕು ಎಲ್ಲಿಂದ ಬರುತ್ತಿದೆ ಎಂಬ ಚಿತ್ರವೂ ಬೇಕು, ಕೊನೆಗೆ ಮಿಡಿತವೂ ಸಿಗಬೇಕು.

ಈ ದಾರಿಯಲ್ಲಿ ಸಿಕ್ಕ ಕೆಲವನ್ನು ಹೇಳುತ್ತೇನೆ. ಕೆಸ್ 75 ಎಂಬ ಅವಶೇಷದ ನಡುವೆ ಇರುವ ಪಲ್ಸಾರ್ 2000ದಲ್ಲಿ ಕ್ಷ-ಕಿರಣದಲ್ಲಿಯೇ ಪತ್ತೆಯಾಯಿತು. ಅಷ್ಟರ ಮಟ್ಟಿಗೆ ಕ್ಷ-ಕಿರಣ ಉಪಗ್ರಹಗಳಿಲ್ಲದಿದ್ದರೆ ಈ ಮಗು ಹುಟ್ಟಿದ ಸುದ್ದಿಯೇ ನಮಗೆ ತಲುಪುತ್ತಿರಲಿಲ್ಲ. ಸೂತ್ರದಿಂದ ಅದರ ವಯಸ್ಸು ಸುಮಾರು 720 ವರ್ಷ. ಆದರೆ ಚಂದ್ರಾ 2000ದಲ್ಲಿ ತೆಗೆದ ಚಿತ್ರವನ್ನು 2016ರ ಚಿತ್ರದ ಜೊತೆ ಹೋಲಿಸಿ ನೋಡಿದಾಗ ನೀಹಾರಿಕೆ ಹಿಗ್ಗಿರುವುದು ಕಂಡುಬಂತು. ಹಿಗ್ಗುವ ವೇಗದಿಂದ ಹಿಂದಕ್ಕೆ ಲೆಕ್ಕ ಹಾಕಿದರೆ ವಯಸ್ಸು ಸುಮಾರು 480 ವರ್ಷ ಎಂದು 2018ರಲ್ಲಿ ಪ್ರಕಟವಾಯಿತು. ಮಗುವಿನ ವಯಸ್ಸನ್ನು ಅದರ ನಡಿಗೆಯಿಂದ ಊಹಿಸುವುದರ ಬದಲು ಅದು ಬೆಳೆಯುವುದನ್ನೇ ಗೋಡೆಯ ಮೇಲೆ ಗೆರೆ ಎಳೆದು ಅಳೆದಂತೆ ಇದು.

3ಸಿ 58 ಎಂಬ ನೀಹಾರಿಕೆಯ ಪಲ್ಸಾರ್ ಕೂಡ 2002ರಲ್ಲಿ ಚಂದ್ರಾದಿಂದ ಸಿಕ್ಕಿತು. ಅದು 1181ರಲ್ಲಿ ಚೀನಾ, ಜಪಾನ್‌ಗಳಲ್ಲಿ ಕಂಡ ಅತಿಥಿ ನಕ್ಷತ್ರದ ಮಗು ಎಂದು ಬಹಳ ಕಾಲ ನಂಬಿದ್ದರು. 2021ರಲ್ಲಿ ಅದೇ ನಕ್ಷತ್ರಕ್ಕೆ ಬೇರೊಂದು ನೀಹಾರಿಕೆ ಹೆಚ್ಚು ಹೊಂದುತ್ತದೆ ಎಂದು ತೋರಿಸಲಾಯಿತು. ಹಳೆಯ ದಾಖಲೆಯೂ ಕೆಲವೊಮ್ಮೆ ತಪ್ಪು ಮನೆಯ ಬಾಗಿಲು ತಟ್ಟುತ್ತದೆ.

ನನಗೆ ಅತ್ಯಂತ ಪ್ರಿಯವಾದ ಉದಾಹರಣೆ ಜಿ21.5-0.9. ನಡುವೆ ತುಂಬಿಕೊಂಡ ದುಂಡನೆಯ ನೀಹಾರಿಕೆ, ಚಂದ್ರಾ ಪದೇ ಪದೇ ನೋಡಿದ್ದು. ನಡುಮಧ್ಯದಲ್ಲಿ ಪುಟ್ಟ ಪ್ರಕಾಶಬಿಂದು 2000ದ ಹೊತ್ತಿಗೇ ಕಂಡಿತ್ತು. ಪಲ್ಸಾರ್ ಇರಲೇಬೇಕು ಎಂದು ಎಲ್ಲರೂ ಹೇಳಿದರು. ಆದರೆ ಕ್ಷ-ಕಿರಣದಲ್ಲಿ ಎಷ್ಟು ಹುಡುಕಿದರೂ ಮಿಡಿತ ಸಿಗಲಿಲ್ಲ. ಕೊನೆಗೆ ಪುಣೆಯ ಬಳಿಯ ಖೋಡದ್‌ನಲ್ಲಿರುವ ನಮ್ಮ ಜಿ.ಎಂ.ಆರ್.ಟಿ. ರೇಡಿಯೋ ದೂರದರ್ಶಕ, 45 ಮೀಟರ್ ವ್ಯಾಸದ ಮೂವತ್ತು ಡಿಶ್‌ಗಳ ಆ ಯಂತ್ರ, ಬಹಳ ಕ್ಷೀಣವಾದ ಮಿಡಿತವನ್ನು ಹಿಡಿಯಿತು. ಸುಮಾರು 62 ಮಿಲಿ ಸೆಕೆಂಡಿಗೆ ಒಂದು ಸುತ್ತು. ಯಶವಂತ ಗುಪ್ತಾ ಮತ್ತು ಸಂಗಡಿಗರು 2005ರಲ್ಲಿ ಇದನ್ನು ಪ್ರಕಟಿಸಿದ್ದು ಎಲ್ಲಿ ಗೊತ್ತೇ? ನಮ್ಮ ಬೆಂಗಳೂರಿನಿಂದ ಹೊರಡುವ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ. ಆಸ್ಟ್ರೇಲಿಯಾದ ಪಾರ್ಕ್ಸ್ ದೂರದರ್ಶಕದಿಂದ ಇನ್ನೊಂದು ತಂಡವೂ ಸ್ವತಂತ್ರವಾಗಿ ಅದನ್ನು ಕಂಡಿತು. ಸೂತ್ರದ ಪ್ರಕಾರ ಆ ಪಲ್ಸಾರ್‌ಗೆ 4800 ವರ್ಷ. ನೀಹಾರಿಕೆ ಹಿಗ್ಗುವ ವೇಗವನ್ನು ರೇಡಿಯೋದಲ್ಲಿ ಅಳೆದವರಿಗೆ ಸಿಕ್ಕಿದ್ದು ಸುಮಾರು 870 ವರ್ಷ. ಐದು ಪಟ್ಟಿಗೂ ಹೆಚ್ಚಿನ ವ್ಯತ್ಯಾಸ! ನಮ್ಮ ಹುಡುಗಿಗೆ ಇದನ್ನು ಹೇಳಿದಾಗ ಅವಳು, "ಹಾಗಾದರೆ ನನ್ನ ಕ್ರ್ಯಾಬ್ ಎಷ್ಟೋ ವಾಸಿ ಸರ್" ಎಂದಳು.

ಮಿತ್ರರೇ, ಇಂಥ ಕೆಲಸವೆಲ್ಲ ಎಲ್ಲೋ ಅಮೆರಿಕದಲ್ಲಿ ನಡೆಯುತ್ತದೆ ಎಂಬ ಭಾವನೆ ನಮ್ಮ ಮಕ್ಕಳಲ್ಲಿದೆ. ಬೆಂಗಳೂರಿನ ನಕ್ಷೆಯನ್ನೇ ಒಮ್ಮೆ ನೋಡೋಣ. ಪೀಣ್ಯದ ಕೈಗಾರಿಕಾ ಷೆಡ್ಡುಗಳಲ್ಲಿ ಉಡುಪಿ ಕಡೆಯ ಅದಮಾರಿನವರಾದ ಯು.ಆರ್. ರಾವ್ ಅವರ ನೇತೃತ್ವದಲ್ಲಿ ತಯಾರಾಗಿ 1975ರ ಏಪ್ರಿಲ್ 19ರಂದು ಹಾರಿದ ಆರ್ಯಭಟದಲ್ಲಿ ಒಂದು ಕ್ಷ-ಕಿರಣ ಉಪಕರಣವಿತ್ತು. ವಿದ್ಯುತ್ ಪೂರೈಕೆ ಕೆಟ್ಟು ಐದನೇ ದಿನ ಪ್ರಯೋಗಗಳನ್ನು ನಿಲ್ಲಿಸಬೇಕಾಯಿತು, ಅಷ್ಟರಲ್ಲೇ ಅದು ಕೆಲವು ಕ್ಷ-ಕಿರಣ ಮೂಲಗಳನ್ನು ನೋಡಿತ್ತು. ಆ ಕೆಲಸದಲ್ಲಿದ್ದ ಕೆ. ಕಸ್ತೂರಿರಂಗನ್ ಮೂಲತಃ ಕ್ಷ-ಕಿರಣ ಖಗೋಳ ವಿಜ್ಞಾನಿ. ಅವರು ಇಸ್ರೋ ಅಧ್ಯಕ್ಷರಾಗಿದ್ದಾಗ, 1996ರಲ್ಲಿ, ಐ.ಆರ್.ಎಸ್.-ಪಿ3 ಉಪಗ್ರಹದಲ್ಲಿ ಮತ್ತೆ ಕ್ಷ-ಕಿರಣ ಉಪಕರಣ ಹೋಯಿತು. 2015ರ ಸೆಪ್ಟೆಂಬರ್ 28ರಂದು ಹಾರಿದ ಆಸ್ಟ್ರೋಸ್ಯಾಟ್ ಪೂರ್ತಿ ಖಗೋಳ ವಿಜ್ಞಾನಕ್ಕೇ ಮೀಸಲಾದ ನಮ್ಮ ಮೊದಲ ಉಪಗ್ರಹ. ಅದರ ನೇರಳಾತೀತ ದೂರದರ್ಶಕವನ್ನು ಸಿದ್ಧಪಡಿಸಿದ ಭಾರತೀಯ ಖಭೌತ ಸಂಸ್ಥೆ ಬಿ.ಟಿ.ಎಂ. ಲೇಔಟ್‌ಗೆ ಹೊಂದಿಕೊಂಡಂತೆ ಕೋರಮಂಗಲದಲ್ಲಿದೆ. ನಮ್ಮ ಮಕ್ಕಳು ಆ ಗೇಟಿನ ಮುಂದೆಯೇ ಬಸ್ಸಿಗೆ ಕಾಯುತ್ತಾರೆ. ಉಪಗ್ರಹದ ದತ್ತಾಂಶ ಬಂದು ಸೇರುವುದು ಕೆಂಗೇರಿ ದಾಟಿ ಹೋದರೆ ಸಿಗುವ ಬ್ಯಾಲಾಳು ಗ್ರಾಮಕ್ಕೆ.

ಆಸ್ಟ್ರೋಸ್ಯಾಟ್ ತನ್ನ ಕ್ಷ-ಕಿರಣ ಉಪಕರಣವೊಂದನ್ನು ಮೊದಲು ತಿರುಗಿಸಿದ್ದೂ ಏಡಿ ನೀಹಾರಿಕೆಯ ಕಡೆಗೇ. ಮುಂದೆ ಒಂದೂವರೆ ವರ್ಷದಲ್ಲಿ ಅದನ್ನು ಮತ್ತೆ ಮತ್ತೆ ನೋಡಿ, ಅದರ ಅಧಿಕ ಶಕ್ತಿಯ ಕ್ಷ-ಕಿರಣ ಎಷ್ಟು ಧ್ರುವೀಕರಣಗೊಂಡಿದೆ ಎಂದು ಸಂತೋಷ್ ವಡವಲೆ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದರು: ಸುಮಾರು ಶೇಕಡಾ 33. ಅಲೆಗಳು ಎಲ್ಲ ದಿಕ್ಕಿನಲ್ಲಿ ಕಂಪಿಸದೆ ಒಂದೇ ದಿಕ್ಕಿನಲ್ಲಿ ಹೆಚ್ಚಾಗಿ ಕಂಪಿಸುವುದೇ ಧ್ರುವೀಕರಣ. ಅದು ಗೊತ್ತಾದರೆ ಕಾಂತಕ್ಷೇತ್ರ ಯಾವ ಕಡೆಗಿದೆ ಎಂದು ಗೊತ್ತಾಗುತ್ತದೆ.

ಈ ವಿಷಯದಲ್ಲಿ ಬೆಂಗಳೂರಿಗೆ ಹಳೆಯ ನಂಟಿದೆ. ಸರ್ ಸಿ.ವಿ. ರಾಮನ್ ಅವರ ಮಗ ವಿ. ರಾಧಾಕೃಷ್ಣನ್ 1969ರಲ್ಲಿ ಆಸ್ಟ್ರೇಲಿಯಾದಲ್ಲಿದ್ದಾಗ ವೇಲಾ ಪಲ್ಸಾರ್‌ನ ರೇಡಿಯೋ ಮಿಡಿತದಲ್ಲಿ ಧ್ರುವೀಕರಣದ ಕೋನ ಹೇಗೆ ತಿರುಗುತ್ತದೆ ಎಂದು ಅಳೆದು, ಪಲ್ಸಾರ್ ಎಂದರೆ ಕಾಂತಧ್ರುವದಿಂದ ಕಿರಣ ಸೂಸುತ್ತಾ ಸುತ್ತುವ ತಾರೆ ಎಂಬ ಚಿತ್ರಕ್ಕೆ ಬಲ ಕೊಟ್ಟರು. 1972ರಲ್ಲಿ ಅವರು ಇಲ್ಲಿಗೆ ಬಂದು ಸದಾಶಿವನಗರದ ರಾಮನ್ ಸಂಶೋಧನಾ ಸಂಸ್ಥೆಯ ನಿರ್ದೇಶಕರಾದರು. 2022ರಲ್ಲಿ ಅದೇ ವೇಲಾ ಪಲ್ಸಾರ್‌ನ ನೀಹಾರಿಕೆಯನ್ನು ಅಮೆರಿಕ ಮತ್ತು ಇಟಲಿಯ ಐ.ಎಕ್ಸ್.ಪಿ.ಇ. ಉಪಗ್ರಹ ನೋಡಿದಾಗ ಕೆಲವು ಭಾಗಗಳಲ್ಲಿ ಕ್ಷ-ಕಿರಣದ ಧ್ರುವೀಕರಣ ಶೇಕಡಾ 60ಕ್ಕೂ ಮೀರಿತ್ತು. ಅಷ್ಟು ಹೆಚ್ಚಿರಬೇಕಾದರೆ ಅಲ್ಲಿಯ ಕಾಂತಕ್ಷೇತ್ರ ಬಹಳ ಅಚ್ಚುಕಟ್ಟಾಗಿರಬೇಕು. 2024ರ ಜನವರಿ 1ರಂದು ಶ್ರೀಹರಿಕೋಟಾದಿಂದ ಹಾರಿದ ನಮ್ಮ ಎಕ್ಸ್‌ಪೋಸ್ಯಾಟ್‌ನ ಮುಖ್ಯ ಉಪಕರಣ 'ಪೋಲಿಕ್ಸ್' ತಯಾರಾದದ್ದು ರಾಧಾಕೃಷ್ಣನ್ ಅವರ ಅದೇ ಸಂಸ್ಥೆಯಲ್ಲಿ, ಯು.ಆರ್. ರಾವ್ ಉಪಗ್ರಹ ಕೇಂದ್ರದ ನೆರವಿನಿಂದ. ನಡುವೆ ಹಗುರ ಧಾತುವಿನ ಒಂದು ತುಂಡು, ಸುತ್ತ ನಾಲ್ಕು ಪತ್ತೆಕಾರಕಗಳು. ಕ್ಷ-ಕಿರಣ ಆ ತುಂಡಿಗೆ ಬಡಿದು ಯಾವ ಕಡೆಗೆ ಹೆಚ್ಚು ಚದುರುತ್ತದೆ ಎಂದು ಎಣಿಸುವುದೇ ಅದರ ಕೆಲಸ. ಅದು ಮೊದಲು ನೋಡಿದ್ದೂ ಏಡಿ ನೀಹಾರಿಕೆಯನ್ನೇ, ಅದೇ ಜನವರಿಯ 15ರಿಂದ 18ರವರೆಗೆ.

ಈಗ ತಂದೆಯ ಪ್ರಶ್ನೆ. ಇದನ್ನು ಓದಿದರೆ ಏನು ಸಿಗುತ್ತದೆ? ಸುಳ್ಳು ಹೇಳಲಾರೆ. ಈ ಕ್ಷೇತ್ರದಲ್ಲಿ ಉದ್ಯೋಗಗಳು ಕಡಿಮೆ, ದಾರಿ ಉದ್ದ. ಎಂ.ಎಸ್ಸಿ. ಆಗಬೇಕು, ಜೆಸ್ಟ್‌ನಂಥ ಪ್ರವೇಶ ಪರೀಕ್ಷೆ ಬರೆದು ಪಿಎಚ್.ಡಿ.ಗೆ ಸೇರಬೇಕು. ಸೇರಿದರೆ ಶಿಷ್ಯವೇತನ ಸಿಗುತ್ತದೆ, ಮನೆಯವರು ಫೀಸು ಹೊಂದಿಸಬೇಕಾದ ಪ್ರಮೇಯವಿಲ್ಲ. ಕಲಿಯುವ ಗಣಕಯಂತ್ರದ ಕೆಲಸ ಬೇರೆ ಕಡೆಯೂ ಅನ್ನ ಕೊಡುತ್ತದೆ. ಆ ತಂದೆಗೆ ನಾನು ಇಷ್ಟೇ ಹೇಳಿದೆ, ಜೊತೆಗೆ ನನ್ನದೂ ಒಂದು ಕಥೆ ಹೇಳಿದೆ. ನಾನು ಬಿ.ಎಸ್ಸಿ. ಓದುತ್ತಿದ್ದಾಗ ಒಂದು ಸಂಶೋಧನಾ ಸಂಸ್ಥೆಯಿಂದ ಬೇಸಿಗೆ ರಜೆಯಲ್ಲಿ ವಿದ್ಯಾರ್ಥಿಗಳಿಗೆ ಕೆಲಸ ಕಲಿಸುವ ಸುತ್ತೋಲೆ ನಮ್ಮ ಕಾಲೇಜಿಗೆ ಬಂದಿತ್ತು. ಕಚೇರಿಯವರು ಅದನ್ನು ಫೈಲಿಗೆ ಸೇರಿಸಿದರು. ಬೇರಾವುದೋ ಪ್ರಮಾಣಪತ್ರಕ್ಕೆಂದು ಹೋದಾಗ ಮೇಜಿನ ಮೇಲೆ ಅದನ್ನು ಕಂಡೆ, ಕೊನೆಯ ದಿನಾಂಕ ಕಳೆದು ಮೂರು ವಾರವಾಗಿತ್ತು. ಈಗ ಕಾಲ ಬದಲಾಗಿದೆ. ರಾಮನ್ ಸಂಸ್ಥೆ, ಖಭೌತ ಸಂಸ್ಥೆ ಎರಡರಲ್ಲೂ ವಿದ್ಯಾರ್ಥಿಗಳಿಗೆ ಕಾರ್ಯಕ್ರಮಗಳಿವೆ, ಪ್ರಕಟಣೆಯನ್ನು ನೀವೇ ನೋಡಿಕೊಳ್ಳಬಹುದು. ಆಸ್ಟ್ರೋಸ್ಯಾಟ್‌ನ ದತ್ತಾಂಶವನ್ನು 2018ರ ಸೆಪ್ಟೆಂಬರಿನಿಂದ ಎಲ್ಲರಿಗೂ ತೆರೆದಿಟ್ಟಿದ್ದಾರೆ, ಹೆಸರು ನೋಂದಾಯಿಸಿದರೆ ಸಾಕು. ಸುತ್ತೋಲೆಗಾಗಿ ಯಾರ ಮೇಜಿನ ಮುಂದೆಯೂ ನಿಲ್ಲಬೇಕಾಗಿಲ್ಲ.

ತಂದೆ ಏನೂ ಹೇಳಲಿಲ್ಲ. ಎರಡು ವಾರದ ನಂತರ ಹುಡುಗಿ ತನ್ನ ಮಾಮುವಿನ ಹಳೆಯ ಕಂಪ್ಯೂಟರಿನಲ್ಲಿ ಲಿನಕ್ಸ್ ಹಾಕಿಸಿಕೊಂಡು ಕ್ರ್ಯಾಬ್‌ನ ದತ್ತಾಂಶ ಇಳಿಸಿಕೊಂಡಳು. ಒಂದೊಂದು ಕ್ಷ-ಕಿರಣ ಕಣ ಬಂದ ಕ್ಷಣವನ್ನು ಆ ಉಪಕರಣ ಮೈಕ್ರೋ ಸೆಕೆಂಡ್‌ಗಳ ಲೆಕ್ಕದಲ್ಲಿ ಬರೆದಿಡುತ್ತದೆ. ಆ ಕ್ಷಣಗಳನ್ನು ಪಲ್ಸಾರ್‌ನ ಅವಧಿಗೆ ಸರಿಯಾಗಿ ಸೀರೆ ಮಡಚಿದಂತೆ ಒಂದರ ಮೇಲೊಂದು ಮಡಚಿದರೆ ಮಿಡಿತದ ಆಕಾರ ಏಳಬೇಕು. ಅವಳಿಗೆ ಬಂದದ್ದು ಬರೀ ನೇರವಾದ ಗೆರೆ. ಕಣ್ಣಲ್ಲಿ ನೀರು ತುಂಬಿಕೊಂಡು ಬಂದಳು. ನೋಡಿದರೆ, ಪುಸ್ತಕದ ಅವಧಿಯನ್ನು ಹಾಗೆಯೇ ಬಳಸಿದ್ದಳು. ಭೂಮಿ ಸೂರ್ಯನ ಸುತ್ತ ಸೆಕೆಂಡಿಗೆ ಮೂವತ್ತು ಕಿಲೋಮೀಟರ್ ವೇಗದಲ್ಲಿ ಓಡುತ್ತಿರುವುದರಿಂದ ನಮಗೆ ಕಾಣುವ ಅವಧಿ ಹತ್ತು ಸಾವಿರದಲ್ಲಿ ಒಂದು ಪಾಲಿನಷ್ಟು ಹಿಗ್ಗಬಹುದು, ಕುಗ್ಗಬಹುದು. ಕೇಳಲು ಅತ್ಯಲ್ಪ. ಆದರೆ ಹತ್ತು ನಿಮಿಷದಲ್ಲಿ ಹದಿನೆಂಟು ಸಾವಿರ ಸುತ್ತಾಗುತ್ತದೆ, ಅಷ್ಟರಲ್ಲಿ ಹೆಚ್ಚು ಕಡಿಮೆ ಎರಡು ಸುತ್ತಿನಷ್ಟು ತಪ್ಪು ಸೇರಿ ಮಡಿಕೆಯೆಲ್ಲ ಕಲಸಿಹೋಗುತ್ತದೆ. ಕಾಲವನ್ನು ಸೌರವ್ಯೂಹದ ದ್ರವ್ಯಕೇಂದ್ರಕ್ಕೆ ಹೊಂದಿಸಿಕೊಳ್ಳಬೇಕು, ಅದಕ್ಕೆ ತಂತ್ರಾಂಶವಿದೆ.

ಹೊಂದಿಸಿದ ಮೇಲೆ ಎರಡು ಶಿಖರಗಳು ಎದ್ದವು, ಒಂದು ಮೊನಚು, ಇನ್ನೊಂದು ಸ್ವಲ್ಪ ಅಗಲ. ಕಾಗದದ ಮೇಲೆ ಅಚ್ಚು ಹಾಕಿಸಿ ತಂದಿದ್ದಳು. ಆ ದಿನವೂ ಬಾಗಿಲಲ್ಲಿ ನಿಂತಿದ್ದ ತಂದೆ ಒಳಗೆ ಬಂದು, ಕನ್ನಡಕ ಹಾಕಿಕೊಂಡು, ಎರಡು ಏಕೆ ಇವೆ ಎಂದು ಮಗಳನ್ನೇ ಕೇಳಿದರು. ಅವಳು ಹೇಳಿದಳು.

ಸೂತ್ರಕ್ಕೆ ಬೇಕಾದ ನಿಧಾನವಾಗುವ ದರವನ್ನೂ ಪುಸ್ತಕದಿಂದ ತೆಗೆದುಕೊಳ್ಳದೆ ತಾನೇ ಅಳೆಯುತ್ತೇನೆಂದು ಈಗ ಹಟ ಹಿಡಿದಿದ್ದಾಳೆ. ಒಂದು ವರ್ಷದ ಅಂತರದ ಎರಡು ವೀಕ್ಷಣೆಗಳನ್ನು ಹೋಲಿಸಿದರೆ ಅವಧಿ ಸುಮಾರು 13 ಮೈಕ್ರೋ ಸೆಕೆಂಡ್ ಹೆಚ್ಚಿರಬೇಕು. ಅವಳಿಗೆ ಬಂದದ್ದು 11. ಎಲ್ಲಿ ತಪ್ಪಿದೆ ಎಂದು ಬರುವ ಭಾನುವಾರ ಇಬ್ಬರೂ ಕುಳಿತು ನೋಡಬೇಕಾಗಿದೆ.